ಠರಾವು ಕಾಕಾ

ಸೆಪ್ಟೆಂಬರ್ ಬಂತೆಂದರೆ ಗದಗ ಸೀಮೆಯಲ್ಲಿ ಸೊಸೈಟಿಗಳ ವಾರ್ಷಿಕ ಸಭೆಗಳ ಸುಗ್ಗಿ. ಬೆಟಗೇರಿಯ ನೇಕಾರರದಿರಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ರೈತರದಿರಲಿ, ಎರಡನೇ ಸಾಲಿನ ತುದಿಯ ಕುರ್ಚಿ ಒಬ್ಬರಿಗೆ ಮೀಸಲು. ತಲೆಗೆ ಬಿಳಿ ಟೊಪ್ಪಿಗೆ, ಕಂಕುಳಲ್ಲಿ ಪ್ಲಾಸ್ಟಿಕ್ ಚೀಲ. ಅದರೊಳಗೆ ಹೋದ ವರ್ಷದ ವರದಿ, ಮೈತುಂಬ ಕೆಂಪು ಪೆನ್ನಿನ ಗೀರು. ಊರೂರಿಗೆ ಹೆಸರು ಬೇರೆ, ಮನುಷ್ಯ ಅವರೇ. ಠರಾವು ಕಾಕಾ ಅನ್ನೋಣ.

ಸ್ವಾಗತ ಮುಗಿಯುವ ಮೊದಲೇ ಎದ್ದರು.

“ಅಧ್ಯಕ್ಷರ, ಕೋರಂ ಐತೇನ್ರೀ?”

“ಐತ್ರೀ ಕಾಕಾ,” ಎಂದರು ಕಾರ್ಯದರ್ಶಿ.

“ಎಣಿಸಿ ಹೇಳ್ರಿ. ಮಿರ್ಚಿ ಕರಿಯಾಂವನ್ನ ಹಿಡೀಬ್ಯಾಡ್ರಿ ಮತ್ತ, ಅಂವ ಸದಸ್ಯ ಅಲ್ಲ.”

ಭಾಷಣಕಾರರು ವಾಡಿಕೆಯಂತೆ ಕಣಗಿನಹಾಳವನ್ನು ನೆನೆದರು. ಇದೇ ಗದಗ ತಾಲ್ಲೂಕಿನ ಆ ಹಳ್ಳಿಯಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಹಕಾರ ಸಂಘ ಏಷ್ಯಾದಲ್ಲೇ ಮೊದಲನೆಯದೆಂಬ ಹೆಮ್ಮೆ ನಮಗೆ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಕಾಕಾ. ತಟ್ಟಿ, ಕೂರಲಿಲ್ಲ. “ಗೌಡ್ರು ಸಂಘ ಕಟ್ಟಿದ್ದು ಲೆಕ್ಕಾ ಕೇಳಾಕೋ, ಚಪ್ಪಾಳಿ ತಟ್ಟಾಕೋ?”

ಉಳಿದ ಸಭೆಯ ಗಮನವೆಲ್ಲ ಮಿರ್ಚಿಯ ಕಡಾಯಿಯ ಕಡೆಗೆ. ಕಾರ್ಯದರ್ಶಿ ಅದನ್ನು ಬಲ್ಲವರು. “ಸೂಚಕರು ಯಾರ್ರೀ, ಅನುಮೋದಕರು ಯಾರ್ರೀ” ಎಂದು ಕೇಳುವ ಹೊತ್ತಿಗೆ ಎರಡೂ ಹೆಸರು ಠರಾವು ಪುಸ್ತಕದಲ್ಲಿ ಕೂತಿರುತ್ತವೆ, ‘ಸರ್ವಾನುಮತದಿಂದ’ ಎಂಬುದರ ಸಮೇತ. ಹಿಂದಿನ ಸಾಲು “ಮಂಜೂರ್, ಮಂಜೂರ್” ಎನ್ನುತ್ತದೆ. ಯಾವುದು ಮಂಜೂರು ಎಂದು ಅವರನ್ನು ಕೇಳಬಾರದು.

“ಹ್ವಾದ ವರ್ಷ ಇಲಿ ಕಡದದ್ದು 11 ಗೋಣಿಚೀಲ, ಈ ವರ್ಷ 40. ಇಲಿಗೂ ಡಿವಿಡೆಂಡ್ ಹಂಚೀರೇನ್ರೀ?”

ಅಧ್ಯಕ್ಷರು ನೀರು ಕುಡಿದರು. “ಅದನ್ನ ಕಡೀಕ ಮಾತಾಡೋಣ್ರಿ ಕಾಕಾ.” ಕಡೀಕ ಎಂದರೆ ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರೆ ವಿಷಯಗಳು’; ಅದು ಬರುವುದು ಪ್ಲೇಟು ಹಂಚುವಾಗ. ಕಾಕಾ ಇದನ್ನೆಲ್ಲ ಕಂಡವರು. ಅಲ್ಲೇ ತಿದ್ದುಪಡಿ ಸೂಚಿಸಿದರು: ಇಲಿ ಖರ್ಚೊಂದನ್ನು ಬಿಟ್ಟು ಉಳಿದ ಜಮಾಖರ್ಚು ಮಂಜೂರು ಮಾಡಬೇಕು. ಅನುಮೋದಕರು? ಯಾರೂ ಏಳಲಿಲ್ಲ. ತಿದ್ದುಪಡಿ ಬಿದ್ದುಹೋಯಿತು. ಆಮೇಲೆ ಮಿರ್ಚಿ ಕಡಿಯುತ್ತಾ ಒಬ್ಬೊಬ್ಬರೇ ಬಂದು “ಛಲೋ ಕೇಳಿದ್ರಿ ಕಾಕಾ” ಎಂದು ಕಿವಿಯಲ್ಲಿ ಅನುಮೋದಿಸಿದರು.

ಈ ಕಾಟ ತಾಳಲಾರದೆ ಮರುವರ್ಷ ಅಧ್ಯಕ್ಷರ ಕಡೆಯವರೊಬ್ಬರು ಕಾಕಾರನ್ನೇ ನಿರ್ದೇಶಕರನ್ನಾಗಿ ಮಾಡೋಣವೆಂದು ಸೂಚಿಸಿದರು. ಹಿಂದಿನ ಸಾಲು ಮಂಜೂರ್ ಎಂದಿತು. ಕಾಕಾ ಎದ್ದರು. “ನೋಟಿಸಿನ್ಯಾಗ ಈ ವಿಷಯ ಇಲ್ರೀ. ತೆಗೀರಿ.” ಕೂತು, ಚೀಲದಿಂದ ವರದಿ ತೆಗೆದರು.

ಆ ಸೊಸೈಟಿಯಲ್ಲಿ ನಿಮ್ಮದೂ ಒಂದು ಷೇರು ಇದ್ದರೆ ಮುಂದಿನ ಸಭೆ ತಪ್ಪಿಸಬೇಡಿ. ಕಾಕಾರ ತಿದ್ದುಪಡಿಗೆ ಒಬ್ಬ ಅನುಮೋದಕರು ಬೇಕಾಗಿದ್ದಾರೆ.