ಅಮ್ಮನಿಗೆ ವಾರಕ್ಕೆ 35 ಗಂಟೆ

ಹೆತ್ತವರ ಸೇವೆಗೆ ಬೆಲೆ ಕಟ್ಟಲಾಗದು ಎಂದು ಭಾಷಣಕಾರರು ಹೇಳುತ್ತಲೇ ಬಂದಿದ್ದಾರೆ. ಬ್ರಿಟಿಷ್ ಸರ್ಕಾರ ಮಾತ್ರ ಕಟ್ಟಿಯೇಬಿಟ್ಟಿದೆ: 2025ರ ಲೆಕ್ಕದಲ್ಲಿ ಗಂಟೆಗೆ ಸುಮಾರು 2 ಪೌಂಡ್ 38 ಪೆನ್ಸ್. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕೊಡುವ ‘ಕೇರರ್ಸ್ ಅಲೋವೆನ್ಸ್’ 2025ರ ಏಪ್ರಿಲ್‌ನಲ್ಲಿ ವಾರಕ್ಕೆ 83.30 ಪೌಂಡ್ ಆಯಿತು. ಅದು ಸಿಗಬೇಕಾದರೆ ವಾರಕ್ಕೆ ಕನಿಷ್ಠ 35 ಗಂಟೆ ಆರೈಕೆ ಮಾಡಬೇಕು. ಭಾಗಿಸಿದರೆ ಬರುವ ದರ ಮೇಲಿನದು. ಅದೇ ಏಪ್ರಿಲ್‌ನಲ್ಲಿ ಅದೇ ಸರ್ಕಾರ 21 ತುಂಬಿದ ಕೆಲಸಗಾರರಿಗೆ ಗೊತ್ತುಮಾಡಿದ ಕನಿಷ್ಠ ಕೂಲಿ ಗಂಟೆಗೆ 12.21 ಪೌಂಡ್. ಅಂದರೆ ಯಾರದೋ ತಾಯಿಗೆ ಸ್ನಾನ ಮಾಡಿಸಿದರೆ ಹನ್ನೆರಡು, ಸ್ವಂತ ತಾಯಿಗಾದರೆ ಎರಡು ಚಿಲ್ಲರೆ. ಅಕ್ಕಪಕ್ಕದ ಮನೆಯವರು ತಾಯಂದಿರನ್ನು ಅದಲುಬದಲು ಮಾಡಿಕೊಂಡು, ಸಂಬಳ ಕೊಡುವವರನ್ನೂ ಹುಡುಕಿಕೊಂಡರೆ, ಸೇವೆಯಲ್ಲಿ ಏನೂ ಹೆಚ್ಚುಕಡಿಮೆ ಆಗದೆ ವರಮಾನ ಐದು ಪಟ್ಟಾಗುತ್ತದೆ.

ದರ ಕಡಿಮೆ ಎಂಬುದಷ್ಟೇ ನನ್ನ ತಕರಾರಲ್ಲ. ಲೆಕ್ಕ ಕೇಳುವಾಗ ಇದನ್ನು ಕೆಲಸವೆಂದೂ ಹಣ ಕೊಡುವಾಗ ಪ್ರೀತಿಯೆಂದೂ ಕರೆಯುವ ಜಾಣತನ ನನಗೆ ಬೆರಗು ಹುಟ್ಟಿಸುತ್ತದೆ. ನಿಯಮಗಳನ್ನೇ ನೋಡಿ. ಅಪ್ಪ ಅಮ್ಮ ಇಬ್ಬರನ್ನೂ ನೋಡಿಕೊಂಡರೂ ಭತ್ಯೆ ಒಂದೇ. ಅಕ್ಕ ತಂಗಿ ಇಬ್ಬರೂ ಸೇರಿ ಅಮ್ಮನೊಬ್ಬಳನ್ನು ನೋಡಿಕೊಂಡರೆ ಭತ್ಯೆ ಒಬ್ಬಳಿಗೇ. ವಾರಕ್ಕೆ 21 ಗಂಟೆ ಓದಿದರೆ ಭತ್ಯೆ ಇಲ್ಲ. ಎಪ್ಪತ್ತರ ಮಗಳು ತೊಂಬತ್ತೈದರ ತಾಯಿಯನ್ನು ನೋಡಿಕೊಳ್ಳುತ್ತಿದ್ದರೆ, ಅವಳ ಪಿಂಚಣಿ ಭತ್ಯೆಗಿಂತ ಹೆಚ್ಚಿದ್ದರೆ, ಹಕ್ಕು ಕಾಗದದಲ್ಲಿರುತ್ತದೆ, ಹಣ ಕೈಗೆ ಬರುವುದಿಲ್ಲ. 2025ರ ಏಪ್ರಿಲ್‌ನ ಮಿತಿಯಂತೆ ಹೊರಗೆ ದುಡಿದು ತೆರಿಗೆ ಇತ್ಯಾದಿ ಕಳೆದು ವಾರಕ್ಕೆ 196 ಪೌಂಡ್‌ವರೆಗೆ ಗಳಿಸಬಹುದಿತ್ತು. ಮೇಲೆ ಒಂದೇ ಪೌಂಡ್ ಬಂದರೂ ಆ ವಾರದ ಭತ್ಯೆ ಪೂರ್ತಿ ಹೋಯಿತು. ದುಡಿಮೆ ಹೆಚ್ಚಾಗದಂತೆ ಜಾಗ್ರತೆ ವಹಿಸಬೇಕಾದ ಉದ್ಯೋಗ ಲೋಕದಲ್ಲಿ ಅಪರೂಪ.

ಈ ಜಾಣತನಕ್ಕೆ ಇತಿಹಾಸವೂ ಇದೆ. 1976ರಲ್ಲಿ ಬೇರೆ ಹೆಸರಿನಲ್ಲಿ ಈ ಭತ್ಯೆ ಶುರುವಾದಾಗ ಮದುವೆಯಾದ ಹೆಂಗಸರಿಗೆ ಅದು ಇರಲಿಲ್ಲ. ಅವರು ಹೇಗಿದ್ದರೂ ಮನೆಯಲ್ಲೇ ಇರುವವರಲ್ಲವೇ ಎಂಬ ತರ್ಕ. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಮಂದಿಯಲ್ಲಿ ದೊಡ್ಡ ಪಾಲನ್ನೇ ಹೊರಗಿಟ್ಟು ಆರಂಭವಾದ ಯೋಜನೆಯಿದು. ತಾಯಿಗಾಗಿ ಕೆಲಸ ಬಿಟ್ಟ ಜಾಕ್ವೆಲಿನ್ ಡ್ರೇಕ್ ಈ ತರ್ಕವನ್ನು ಪ್ರಶ್ನಿಸಿದ ವ್ಯಾಜ್ಯ ಯುರೋಪಿನ ನ್ಯಾಯಾಲಯದವರೆಗೂ ಹೋಗಿ, 1986ರಲ್ಲಿ ಆಕೆಯ ಪರವಾಗಿ ತೀರ್ಪು ಬಂತು. ಮನೆಯಲ್ಲಿರುವವಳು ಬಿಡುವಾಗಿರುತ್ತಾಳೆ ಎಂಬ ನಂಬಿಕೆ ಕಾನೂನಿನಿಂದ ಹೋಗಲು ಹತ್ತು ವರ್ಷ ಹಿಡಿಯಿತು. ನೆಂಟರಿಷ್ಟರ ತಲೆಯಿಂದ ಹೋಗಲು ಇನ್ನೆಷ್ಟು ಬೇಕೋ!

ನಮ್ಮಲ್ಲಿ ಈ ಗೊಂದಲಗಳಿಲ್ಲ, ಏಕೆಂದರೆ ಹೆಚ್ಚಿನವರಿಗೆ ಭತ್ಯೆಯೇ ಇಲ್ಲ. ಸಂಧ್ಯಾ ಸುರಕ್ಷಾ ಯೋಜನೆಯ ಪಿಂಚಣಿ ವೃದ್ಧರಿಗೆ, ಅವರನ್ನು ಎತ್ತಿ ಕೂರಿಸುವವರಿಗಲ್ಲ. 2007ರ ಹಿರಿಯ ನಾಗರಿಕರ ಕಾಯ್ದೆಯ ಪ್ರಕಾರ, ಕೈಬಿಟ್ಟ ಮಕ್ಕಳಿಂದ ಹೆತ್ತವರು ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೇಳಬಹುದು. ಒಳ್ಳೆಯದೇ. ಆದರೆ ನೋಡಿಕೊಳ್ಳದ ಮಗನ ಬಗ್ಗೆ ಇಷ್ಟು ಯೋಚಿಸಿದ ಕಾಯ್ದೆ, ನೋಡಿಕೊಳ್ಳುವ ಮಗಳಿಗೆ ಏನೂ ಕೊಡುವುದಿಲ್ಲ. ಸರ್ಕಾರದ ಕಣ್ಣಿಗೆ ಬೀಳಬೇಕಾದರೆ ಅವಳು ತಪ್ಪು ಮಾಡಬೇಕು. ಕೇರಳದ ‘ಆಶ್ವಾಸಕಿರಣಂ’ ಹಾಸಿಗೆ ಹಿಡಿದವರ ಆರೈಕೆದಾರರಿಗೆ ತಿಂಗಳಿಗೆ 600 ರೂಪಾಯಿ ಕೊಡುವ ಯೋಜನೆ. ಕರ್ನಾಟಕವೂ 2024-25ರ ಮುಂಗಡಪತ್ರದಲ್ಲಿ, ಪಾರ್ಕಿನ್ಸನ್ಸ್ ಸೇರಿದಂತೆ ಕೆಲವು ಕಾಯಿಲೆಯವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಘೋಷಿಸಿತು. ಬರೀ ಮುಪ್ಪು ಆ ಪಟ್ಟಿಯಲ್ಲಿಲ್ಲ. ಪಟ್ಟಿಯಲ್ಲಿರುವ ಕಾಯಿಲೆಯನ್ನೇ ಆರಿಸಿಕೊಳ್ಳುವ ವ್ಯವಹಾರಜ್ಞಾನ ನಮ್ಮ ಹಿರಿಯರಿಗೆ ಇನ್ನೂ ಬಂದಿಲ್ಲ.

ಆರೈಕೆದಾರರಿಗೆ ಹಣ ಕೊಡಬೇಕೆಂಬುದಕ್ಕೆ ಮೊದಲ ಆಕ್ಷೇಪ ಧರ್ಮದ್ದು: ಹೆತ್ತವರ ಸೇವೆಗೆ ದುಡ್ಡು ತೆಗೆದುಕೊಂಡರೆ ಅದು ಸೇವೆಯೇ? ದಕ್ಷಿಣೆ ಪಡೆದ ಪುರೋಹಿತರ ಮಂತ್ರಕ್ಕೆ ಶಕ್ತಿ ಕುಂದಿತೆಂದು ಯಾರೂ ಹೇಳಿದ್ದಿಲ್ಲ. ಋಣ ತೀರಿಸುತ್ತಿದ್ದೇನೆ ಎಂದರೆ ಔಷಧಿ ಅಂಗಡಿಯವರು ಡಯಾಪರಿನ ಬಿಲ್ಲಿನಲ್ಲಿ ರಿಯಾಯಿತಿ ಕೊಡುವುದೂ ಇಲ್ಲ. ಎರಡನೆಯದು ಮೋಸದ ಭಯ: ತಾಯಿಯ ಹೆಸರಿನಲ್ಲಿ ಮಕ್ಕಳು ಹಣ ಹೊಡೆದರೆ? ಕೆಲವರು ಹೊಡೆಯಬಹುದು. ಆದರೆ ಬ್ರಿಟನ್ನಿನ ಅನುಭವ ಬೇರೆ ಕಥೆ ಹೇಳುತ್ತದೆ. ಗಳಿಕೆಯ ಮಿತಿ ದಾಟಿದವರ ಮಾಹಿತಿ ಇಲಾಖೆಗೆ ಬರುತ್ತಿತ್ತು. ಎಲ್ಲವನ್ನೂ ಸಕಾಲಕ್ಕೆ ನೋಡದೆ, ಹೆಚ್ಚಾಗಿ ಕೊಟ್ಟ ಭತ್ಯೆ ಸಾಲವಾಗಿ ಬೆಳೆದ ಮೇಲೆ ಒಟ್ಟಿಗೆ ವಾಪಸ್ ಕೇಳಿದರು. 2024ರಲ್ಲಿ ಇದು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಗಿ, ಸರ್ಕಾರ ಲಿಜ್ ಸೇಸ್ ಅವರಿಂದ ಸ್ವತಂತ್ರ ಪರಿಶೀಲನೆ ಮಾಡಿಸಬೇಕಾಯಿತು. ಸಂಶಯಪಡುವುದಾದರೆ ಅದನ್ನೂ ಹೊತ್ತಿಗೆ ಸರಿಯಾಗಿ ಪಡಬೇಕು.

ಮೂರನೆಯ ಆಕ್ಷೇಪವೇ ಗಟ್ಟಿಯಾದದ್ದು: ಖಜಾನೆ ತಾಳೀತೇ? ಪೂರ್ತಿ ಕೂಲಿ ಕೊಟ್ಟರೆ ತಾಳಲಾರದು, ಒಪ್ಪಿದೆ. ಆದರೆ ಮಕ್ಕಳೆಲ್ಲ ಒಂದು ತಿಂಗಳು ಕೈಚೆಲ್ಲಿ ಕುಳಿತರೆ ಆಸ್ಪತ್ರೆಗಳ ವಾರ್ಡು ತಾಳೀತೇ? ಆ ಖರ್ಚನ್ನು ಈಗ ಮನೆಯವರು ಸದ್ದಿಲ್ಲದೆ ಭರಿಸುತ್ತಿರುವುದರಿಂದಲೇ ಖಜಾನೆ ನೆಮ್ಮದಿಯಾಗಿದೆ. ಆದ್ದರಿಂದ ನನ್ನ ಬೇಡಿಕೆ ಚಿಕ್ಕದು: ಸರ್ಕಾರಗಳು ಯಾವುದಾದರೂ ಒಂದು ಪಕ್ಷ ಹಿಡಿಯಲಿ. ಇದು ಕೆಲಸವಾದರೆ ಕೂಲಿಯ ಹತ್ತಿರಕ್ಕಾದರೂ ಬರಲಿ, ವರ್ಷಕ್ಕೊಂದಿಷ್ಟು ರಜೆ ಕೊಡಲಿ, ಆ ರಜೆಯಲ್ಲಿ ಬದಲಿ ಜನರನ್ನು ಕಳುಹಿಸಲಿ. ಪ್ರೀತಿಯಾದರೆ ಕೊಡುವುದನ್ನು ಕೊಟ್ಟು, ಗಂಟೆಯ ಲೆಕ್ಕ ಕೇಳುವುದನ್ನು ಬಿಡಲಿ.