‘ಯಾವುದಾದರೂ ನಾಲ್ಕಕ್ಕೆ ಮಾತ್ರ ಉತ್ತರಿಸುತ್ತೇನೆ’

ಸಂದರ್ಶನ ನಡೆದದ್ದು ಒಂದು ತಾಲ್ಲೂಕಿನ ಬಿಆರ್‌ಸಿ (ಕ್ಷೇತ್ರ ಸಂಪನ್ಮೂಲ ಕೇಂದ್ರ) ಕಚೇರಿಯ ಉಗ್ರಾಣದಲ್ಲಿ. ಒಂದು ಮೂಲೆಯಲ್ಲಿ ಕಾಲು ಮುರಿದ ಬೆಂಚುಗಳು, ಇನ್ನೊಂದರಲ್ಲಿ ನಲಿ–ಕಲಿ ಕಾರ್ಡುಗಳ ರಟ್ಟಿನ ಪೆಟ್ಟಿಗೆ. ಕಬ್ಬಿಣದ ಬೀರುವಿನ ಮೇಲೆ, ಮೊಹರು ಒಡೆದ ಕವರಿನಲ್ಲಿ ಅರ್ಧ ಹೊರಗೆ ಅರ್ಧ ಒಳಗೆ ಒರಗಿಕೊಂಡವರು ಇವತ್ತಿನ ಅತಿಥಿ: 2024ರ ಮಾರ್ಚ್‌ನ ಐದನೇ ತರಗತಿಯ ಪ್ರಶ್ನೆಪತ್ರಿಕೆ. ಯಾವ ವಿಷಯದ್ದು ಎಂದು ಕೇಳಿದೆ. ಗೌಪ್ಯ ಎಂದರು. ಪರೀಕ್ಷೆ ಮುಗಿದು ಎಷ್ಟೋ ಕಾಲವಾಯಿತಲ್ಲ ಎಂದರೆ, ‘ಮುಗಿದಿದೆಯೋ ಇಲ್ಲವೋ ಎಂಬುದೇ ವ್ಯಾಜ್ಯ’ ಎಂದು ಮಗ್ಗುಲು ಬದಲಿಸಿದರು.

ನಾನು: ಇಷ್ಟು ದಿನ ಪ್ರಶ್ನೆ ಕೇಳಿದವರು ತಾವು. ಇವತ್ತು ಉತ್ತರ ಹೇಳುವ ಸರದಿ.

ಪತ್ರಿಕೆ: ಒಂದೊಂದಕ್ಕೂ ಎಷ್ಟು ಅಂಕ?

ನಾನು: ಅಂಕ ಇಲ್ಲ.

ಪತ್ರಿಕೆ: ಅಂಕ ಇಲ್ಲದೆ ಈ ದೇಶದಲ್ಲಿ ಯಾರಾದರೂ ಬಾಯಿ ಬಿಡುತ್ತಾರೇನ್ರೀ? ಇರಲಿ, ಯಾವುದಾದರೂ ನಾಲ್ಕಕ್ಕೆ ಮಾತ್ರ ಉತ್ತರಿಸುತ್ತೇನೆ.

ನಾನು: ದೆಹಲಿಗೆಲ್ಲ ಹೋಗಿ ಬಂದಿರಂತೆ?

ಪತ್ರಿಕೆ: (ಕವರಿನಿಂದ ಪೂರ್ತಿ ಹೊರಬಂದು) ಕೇಳಿ. ನನ್ನನ್ನು ಬರೆಯಬೇಕಿದ್ದ ಹುಡುಗ ತಾಲ್ಲೂಕಿನ ಸಂತೆಯನ್ನೂ ಸರಿಯಾಗಿ ನೋಡಿರಲಿಲ್ಲ, ನಾನು ಸುಪ್ರೀಂ ಕೋರ್ಟ್ ನೋಡಿದೆ. 2023ರಲ್ಲೇ ನಮ್ಮ ವಂಶಕ್ಕೆ ಕಂಟಕ ಶುರುವಾಗಿತ್ತು. ಐದು, ಎಂಟನೇ ತರಗತಿಗೆ ರಾಜ್ಯಕ್ಕೆಲ್ಲ ಒಂದೇ ಪರೀಕ್ಷೆ ಅಂತ ನಮ್ಮನ್ನು ಹುಟ್ಟಿಸಿದ ಸುತ್ತೋಲೆಗಳನ್ನೇ ಮಾರ್ಚ್ 10ಕ್ಕೆ ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ ರದ್ದು ಮಾಡಿತು. ನಿಯಮ ರೂಪಿಸಿ ಸದನದ ಮುಂದಿಡಬೇಕಾದ ಕೆಲಸವನ್ನು ಸುತ್ತೋಲೆಯಲ್ಲಿ ಮುಗಿಸಲು ಬರುವುದಿಲ್ಲ ಅಂತ. ಐದು ದಿನದಲ್ಲಿ ವಿಭಾಗೀಯ ಪೀಠ ಜೀವ ಕೊಟ್ಟಿತು, 27ಕ್ಕೆ ಪರೀಕ್ಷೆ ನಡೆಯಿತು. ಮಾರನೇ ವರ್ಷ ನನ್ನ ಪಾಳಿ. 2024ರ ಮಾರ್ಚ್ 6ಕ್ಕೆ ರದ್ದು. 7ಕ್ಕೆ ರದ್ದಿಗೆ ತಡೆ. 11ಕ್ಕೆ ಪರೀಕ್ಷೆ ಶುರು. 12ಕ್ಕೆ ಸುಪ್ರೀಂ ಕೋರ್ಟು ಆ ತಡೆಯನ್ನೇ ತೆಗೆದುಹಾಕಿತು. ಅರ್ಧ ಪರೀಕ್ಷೆ ಬರೆದ ಮಕ್ಕಳು, ಅರ್ಧ ಕವರಿನಲ್ಲಿ ನಾನು. 22ಕ್ಕೆ ವಿಭಾಗೀಯ ಪೀಠ ನಡೆಸಿ ಅಂದಿತು, 25ರಿಂದ ಉಳಿದ ವಿಷಯಗಳು ಆದವು. ಏಪ್ರಿಲ್ 8, ಫಲಿತಾಂಶದ ದಿನ. ಅವತ್ತೇ ಸುಪ್ರೀಂ ಕೋರ್ಟು ಮತ್ತೆ ತಡೆ ಕೊಟ್ಟು, ಈ ಫಲಿತಾಂಶವನ್ನು ಯಾವುದಕ್ಕೂ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ ಅಂತು. ಒಂದು ತಿಂಗಳಲ್ಲಿ ಇಷ್ಟು ಸಲ ಸತ್ತು ಹುಟ್ಟಿದ ಪ್ರಶ್ನೆಪತ್ರಿಕೆ ಇನ್ನೊಂದು ಇದ್ದರೆ ತೋರಿಸಿ.

ನಾನು: ಆ ಒಂದು ತಿಂಗಳು ಹತ್ತು ವರ್ಷದ ಮಗು ಏನು ಮಾಡುತ್ತಿತ್ತು?

ಪತ್ರಿಕೆ: ಓದುತ್ತಿತ್ತು, ನಿಲ್ಲಿಸುತ್ತಿತ್ತು, ಮತ್ತೆ ಓದುತ್ತಿತ್ತು. ‘ಮಿಸ್, ನಾಳೆ ಪರೀಕ್ಷೆ ಐತಾ?’ ಅಂತ ಕೇಳಿದರೆ, ‘ಇರೋ, ವಾಟ್ಸ್ಯಾಪ್ ಗ್ರೂಪ್ ನೋಡಿ ಹೇಳ್ತೀನಿ’ ಅನ್ನುವರು. ನೆಟ್‌ವರ್ಕ್ ಇಲ್ಲದ ಹಟ್ಟಿಯಲ್ಲಿ ಮಿಸ್ಸು ನೀರಿನ ಟ್ಯಾಂಕ್ ಹತ್ತಿ ನೋಡಬೇಕಿತ್ತು. ಕಾನೂನಿನ ಅರಿವು ಮಕ್ಕಳಿಗೆ ಬಂತಲ್ಲ, ಅದು ನನ್ನ ಕೊಡುಗೆ. ಏಕಸದಸ್ಯ ಪೀಠ, ವಿಭಾಗೀಯ ಪೀಠ ಎಲ್ಲ ಅವರಿಗೆ ಬಾಯಿಪಾಠ. ಅದರ ಮೇಲೆ ಪ್ರಶ್ನೆ ಕೇಳಿದ್ದರೆ ರಾಜ್ಯಕ್ಕೆ ನೂರಕ್ಕೆ ನೂರು.

ನಾನು: ಐದರಲ್ಲಿ, ಎಂಟರಲ್ಲಿ ಯಾರನ್ನೂ ಫೇಲ್ ಮಾಡುವುದಿಲ್ಲ ಎಂದು ಸರ್ಕಾರವೇ ಹೇಳಿತ್ತು. ಫೇಲಿಲ್ಲದ ಪರೀಕ್ಷೆಗೆ ಇಷ್ಟೊಂದು ಹೋರಾಟವೇಕೆ?

ಪತ್ರಿಕೆ: ಮಗುವಿನ ಕಲಿಕೆ ಎಲ್ಲಿದೆ ಅಂತ ತಿಳಿಯಬೇಡವೆ?

ನಾನು: ಅದು ಆ ಮಗುವಿನ ಟೀಚರಿಗೆ ಜೂನ್ ತಿಂಗಳಲ್ಲೇ ತಿಳಿದಿರುತ್ತದೆ. ಕೇಳಿದರೆ ಹೇಳುತ್ತಿದ್ದರು.

ಪತ್ರಿಕೆ: ಟೀಚರನ್ನು ಕೇಳುವುದೇ? ಅದಕ್ಕೆ ಬಾರ್‌ಕೋಡ್ ಎಲ್ಲಿದೆ, ವೇಳಾಪಟ್ಟಿ ಎಲ್ಲಿದೆ, ಪತ್ರಿಕಾಗೋಷ್ಠಿ ಎಲ್ಲಿದೆ?

ನಾನು: 2009ರ ಶಿಕ್ಷಣ ಹಕ್ಕು ಕಾಯ್ದೆ, ಮಗು ಭಯ, ಆಘಾತ, ಆತಂಕ ಇಲ್ಲದೆ ಕಲಿಯಬೇಕು ಎನ್ನುತ್ತದೆ. ಎಂಟನೇ ತರಗತಿ ಮುಗಿಯುವವರೆಗೆ ಬೋರ್ಡ್ ಪರೀಕ್ಷೆ ಪಾಸಾಗಬೇಕಿಲ್ಲ ಎಂದು 30ನೇ ಕಲಮು ಹೇಳುತ್ತದೆ.

ಪತ್ರಿಕೆ: ನಾನು ಬೋರ್ಡ್ ಪರೀಕ್ಷೆ ಅಲ್ಲವೇ ಅಲ್ಲ. ಪರೀಕ್ಷಾ ಮಂಡಳಿ ಪ್ರಶ್ನೆ ತೆಗೆದ, ಪರೀಕ್ಷಾ ಮಂಡಳಿ ದಿನ ಗೊತ್ತುಮಾಡಿದ, ಬೇರೆ ಶಾಲೆಯ ಮೇಷ್ಟ್ರುಗಳು ತಿದ್ದಿದ, ಬೋರ್ಡಿಗೆ ಯಾವ ಸಂಬಂಧವೂ ಇಲ್ಲದ ಮೌಲ್ಯಾಂಕನ.

ನಾನು: ನಿಮ್ಮ ಮೇಲೆ ಕೇಸು ಹಾಕಿದವರು ಯಾರು? ಮಕ್ಕಳ ಅಪ್ಪ ಅಮ್ಮಂದಿರೇ?

ಪತ್ರಿಕೆ: (ನಗುತ್ತ) ಇದು ಒಳ್ಳೆ ಪ್ರಶ್ನೆ, ಐದು ಅಂಕಕ್ಕೆ ಇಡಬಹುದು. ಕೋರ್ಟಿನ ಮೆಟ್ಟಿಲು ಹತ್ತಿದವು ಅನುದಾನರಹಿತ ಖಾಸಗಿ ಶಾಲೆಗಳ ಸಂಘಟನೆಗಳು. ಮಕ್ಕಳ ಮನಸ್ಸಿನ ಮೇಲೆ ಒತ್ತಡ ಬೀಳುತ್ತದೆಂದು ಅವರಿಗೆ ನಿದ್ದೆ ಬರಲಿಲ್ಲ. ಎಲ್‌ಕೆಜಿಗೆ ಸೇರುವ ಮೂರು ವರ್ಷದ ಕೂಸನ್ನೂ ಅದರ ಅಪ್ಪನ ಇಂಗ್ಲಿಷನ್ನೂ ಒಟ್ಟಿಗೆ ಪರೀಕ್ಷೆ ಮಾಡುವ ಶಾಲೆಗಳು ಇವು. ಮೇ ತಿಂಗಳಲ್ಲಿ ಬಸ್ ಸ್ಟ್ಯಾಂಡಿನ ತುಂಬ ಮಕ್ಕಳ ಮುಖ, ಅಂಕ ಅಚ್ಚು ಹಾಕಿದ ಫ್ಲೆಕ್ಸು ಕಟ್ಟುವವರು. ನಾನು ಬಂದ ಕೂಡಲೇ ಅವರ ಕರುಳು ಚುರುಕ್ ಅಂತು. ತಮ್ಮ ಮಕ್ಕಳ ಪೇಪರನ್ನು ಹೊರಗಿನವರು ತಿದ್ದುತ್ತಾರಲ್ಲ, ಅದೊಂದು ನೋವು ಬೇರೆ.

(ಇಲ್ಲಿ ಓದುಗರಿಗೆ ಒಂದು ಮಾತು: ವಾದಿಸಿದವರ ಹಿತಾಸಕ್ತಿ ಏನೇ ಇರಲಿ, ವಾದ ಸರಿಯಾಗಿಯೇ ಇತ್ತು. ಕಾನೂನು ಅವರ ಕಡೆಗಿತ್ತು. ಅದೇ ಬೇಜಾರು.)

ನಾನು: ಸರಿ. ನಿಮ್ಮಲ್ಲಿ ‘ಬಿಟ್ಟ ಸ್ಥಳ ತುಂಬಿರಿ’ ಎಂಬ ವಿಭಾಗ ಇದೆಯಲ್ಲವೆ?

ಪತ್ರಿಕೆ: ಇದೆ. ಸುಲಭದ ಅಂಕ.

ನಾನು: ಸರ್ಕಾರಿ ಶಾಲೆಗಳಲ್ಲಿ ಸಾವಿರಾರು ಶಿಕ್ಷಕರ ಹುದ್ದೆ ಖಾಲಿ ಬಿದ್ದಿದೆ. ಆ ಬಿಟ್ಟ ಸ್ಥಳ ಯಾರು ತುಂಬಬೇಕು?

ಪತ್ರಿಕೆ: ಅದಕ್ಕೆ ಅತಿಥಿಗಳಿದ್ದಾರೆ. ಅತಿಥಿ ಶಿಕ್ಷಕರು. ಜೂನ್ ದಾಟಿದ ಮೇಲೆ ಬರುತ್ತಾರೆ, ಮಾರ್ಚ್‌ಗೆ ಹೋಗುತ್ತಾರೆ, ಗೌರವಧನ ಯಾವಾಗಲಾದರೂ ಬರುತ್ತದೆ. ಅತಿಥಿ ಸತ್ಕಾರದಲ್ಲಿ ನಾವು ಹೆಸರುವಾಸಿ.

ನಾನು: ಇರುವ ಒಬ್ಬ ಕಾಯಂ ಮೇಷ್ಟ್ರು?

ಪತ್ರಿಕೆ: ಅವರೊಬ್ಬರೇ ಮುಖ್ಯ ಶಿಕ್ಷಕ, ಗುಮಾಸ್ತ, ಜವಾನ. ಬೆಳಗ್ಗೆ ಹಾಲಿನ ಪುಡಿ, ಮಧ್ಯಾಹ್ನ ಬಿಸಿಯೂಟದ ಲೆಕ್ಕ, ಮೊಟ್ಟೆ ಎಷ್ಟು ಬಾಳೆಹಣ್ಣು ಎಷ್ಟು, ಆಮೇಲೆ ಮಕ್ಕಳ ಮಾಹಿತಿಯ ಎಸ್‌ಎಟಿಎಸ್ ಎಂಟ್ರಿ, ಸಂಜೆ ಮತದಾರರ ಪಟ್ಟಿ. 2025ರ ದಸರೆಯಲ್ಲಿ ಮನೆ ಮನೆ ಸಮೀಕ್ಷೆಗೆ ಮೇಷ್ಟ್ರುಗಳು ಬೇಕಾಗಿ ಶಾಲೆಯ ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆದರು. ಇಷ್ಟರ ನಡುವೆ ಬಿಡುವಾದರೆ ಐದು ತರಗತಿಗೆ ಒಟ್ಟಿಗೆ ಪಾಠ. ವರ್ಷದ ಕೊನೆಗೆ ನಾನು ಬಂದು, ಮಗು ಏನು ಕಲಿತಿದೆ ಅಂತ ಗಂಭೀರವಾಗಿ ಕೇಳುತ್ತೇನೆ.

ನಾನು: ಕೇಳಬೇಕಾದದ್ದು ಮಗುವನ್ನೇ?

ಪತ್ರಿಕೆ: ವಿಧಾನಸೌಧವನ್ನು ಕೇಳಿದರೆ ಉತ್ತರಪತ್ರಿಕೆ ತಿದ್ದುವವರು ಯಾರು ಸ್ವಾಮಿ?

ನಾನು: ನಿಮಗೊಬ್ಬ ಅಣ್ಣ ಇದ್ದಾರಲ್ಲ, ಹತ್ತನೇ ತರಗತಿಯವರು.

ಪತ್ರಿಕೆ: ಅವನ ಕಥೆ ಬೇಡ. ಪಾಪ. 2023ರಲ್ಲಿ ಶೇ 83.89 ಪಾಸು ಅಂತ ಮೀಸೆ ತಿರುವಿದ. ಮರುವರ್ಷ ಕೊಠಡಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಫಲಿತಾಂಶ ಧೊಪ್ಪನೆ ಬಿತ್ತು. ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿ, ಅದನ್ನು ಪಡೆಯುವ ಅರ್ಹತೆಯನ್ನು 35ರಿಂದ 25ಕ್ಕೆ ಇಳಿಸಿ, ಎರಡು ಕಡೆಯಿಂದ ಎತ್ತಿ ಹಿಡಿದು 73.40ಕ್ಕೆ ತಂದು ನಿಲ್ಲಿಸಿದರು. ಒಂದು ವರ್ಷದಲ್ಲಿ ಮಕ್ಕಳು ದಡ್ಡರಾದರೇ? ಇಲ್ಲ. ಅಂಕ ಅಂದರೆ ಏನು ಅಂತ ಕ್ಯಾಮೆರಾ ತೋರಿಸಿತು, ಅಷ್ಟೆ. ಯಾವ ಸಂಖ್ಯೆಯ ಮೇಲೆ ಮೇಷ್ಟ್ರ ಮರ್ಯಾದೆ, ಜಿಲ್ಲಾ ಉಪನಿರ್ದೇಶಕರ (ಡಿಡಿಪಿಐ) ಕುರ್ಚಿ, ಜಿಲ್ಲೆಯ ಹೆಸರು ಎಲ್ಲ ನಿಂತಿರುತ್ತದೋ ಆ ಸಂಖ್ಯೆ ನೆಟ್ಟಗೆ ನಿಲ್ಲುವುದಿಲ್ಲ.

ನಾನು: ಇದು ನೀವೇ ಹೇಳಬಹುದಾದ ಮಾತೇ?

ಪತ್ರಿಕೆ: ರದ್ದಿಗೆ ಹೋಗುವ ಮೊದಲು ಎಲ್ಲರೂ ನಿಜ ಹೇಳುತ್ತಾರೆ.

ನಾನು: ಜಿಲ್ಲೆಗಳ ಪಟ್ಟಿ ಬರುತ್ತದಲ್ಲ. ಉಡುಪಿ, ದಕ್ಷಿಣ ಕನ್ನಡ ಮೇಲೆ. ಯಾದಗಿರಿ, ಕಲಬುರಗಿ ಕೆಳಗೆ.

ಪತ್ರಿಕೆ: ಅದನ್ನು ಓದಿ ಯಾದಗಿರಿಯ ಹೊಲಗೆಲಸದ ತಾಯಿ ಏನು ಮಾಡುತ್ತಾಳೆ? ಮೇಷ್ಟ್ರನ್ನು ಕಳಿಸಿ ಅಂತ ಸರ್ಕಾರಕ್ಕೆ ಅರ್ಜಿ ಬರೆಯುತ್ತಾಳೆಯೇ? ಹಳದಿ ವ್ಯಾನು ಬರುವ ಶಾಲೆಗೆ ಸಾಲ ಮಾಡಿ ಸೇರಿಸುತ್ತಾಳೆ. ನಮ್ಮ ಅಂಕಪಟ್ಟಿ ಅವರ ಕರಪತ್ರ. ಅಚ್ಚಿನ ಖರ್ಚು ಮಾತ್ರ ಸರ್ಕಾರದ್ದು. ಆಮೇಲೆ ದಾಖಲಾತಿ ಕಡಿಮೆಯಾಯಿತು ಅಂತ ಊರ ಶಾಲೆಯನ್ನು ಪಕ್ಕದ ಊರಿಗೆ ವಿಲೀನ ಮಾಡುತ್ತಾರೆ. ಮುಚ್ಚುವುದಿಲ್ಲ, ವಿಲೀನ. ನೀರಿಗೆ ಸಕ್ಕರೆ ಹಾಕಿದ ಹಾಗೆ, ಎಲ್ಲೂ ಹೋಗಿಲ್ಲ, ಕಾಣುವುದಿಲ್ಲ ಅಷ್ಟೆ.

ನಾನು: ಸರ್ಕಾರವೇ ದುಡ್ಡು ಕೊಟ್ಟು ಮಕ್ಕಳನ್ನು ಖಾಸಗಿಗೆ ಕಳಿಸಿದ ಕಾಲವೂ ಇತ್ತು.

ಪತ್ರಿಕೆ: ಆರ್‌ಟಿಇ, ಅದೇ ಶಿಕ್ಷಣ ಹಕ್ಕು ಕಾಯ್ದೆಯ ಶೇ 25ರ ಸೀಟು. ಬಡವರ ಮಗುವಿಗೂ ದೊಡ್ಡ ಶಾಲೆಯ ಬಾಗಿಲು ತೆರೆಯಲಿ ಅಂತ ಒಳ್ಳೆಯ ಆಸೆಯಿಂದ ಮಾಡಿದ್ದು, ಅಲ್ಲಗಳೆಯುವುದಿಲ್ಲ. ಆದರೆ ನಡೆದದ್ದೇನು? ಸರ್ಕಾರದ ಶಾಲೆಯಲ್ಲಿ ಖಾಲಿ ಬೆಂಚು, ಪಕ್ಕದ ಖಾಸಗಿ ಶಾಲೆಗೆ ತಲೆಗಿಷ್ಟು ಅಂತ ಚೆಕ್ಕು. ನಮ್ಮ ಶಾಲೆಯಲ್ಲಿ ನಿಮ್ಮ ಮಗು ಓದದೇ ಇದ್ದುದಕ್ಕೆ ಧನ್ಯವಾದಗಳು ಅಂತ ಸರ್ಕಾರ ಬಿಲ್ಲು ಪಾವತಿ ಮಾಡಿದಂತಾಯಿತು. 2019ರಲ್ಲಿ ನಿಯಮ ಬದಲಿಸಿ, ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿಯಲ್ಲಿ ಆ ಸೀಟಿಲ್ಲ ಅಂದರು. ಲಕ್ಷದ ಮೇಲಿದ್ದ ಸೀಟು ಕೆಲವು ಸಾವಿರಕ್ಕೆ ಇಳಿಯಿತು. ಹೊರಗೆ ಹೋಗುವ ಬಾಗಿಲು ಮುಚ್ಚಿದರು, ಸರಿ. ಒಳಗಿನ ಮನೆಯ ಸೂರು ರಿಪೇರಿ ಮಾಡಿದರೇ? ಅದು ಮುಂದಿನ ವರ್ಷದ ಸಿಲೆಬಸ್.

ನಾನು: ಹೊರದೇಶದಲ್ಲಿ ನೆಂಟರಿದ್ದಾರೆಯೆ?

ಪತ್ರಿಕೆ: ಅಮೆರಿಕದಲ್ಲಿ ದೊಡ್ಡಮ್ಮ ಇದ್ದಾಳೆ. ಅವಳು ನನ್ನ ಕನಸು. 2002ರಲ್ಲಿ ಜಾರ್ಜ್ ಬುಷ್ ‘ನೋ ಚೈಲ್ಡ್ ಲೆಫ್ಟ್ ಬಿಹೈಂಡ್’ ಕಾಯ್ದೆಗೆ ಸಹಿ ಹಾಕಿದ ಮೇಲೆ ಅವಳ ದರ್ಬಾರು ನೋಡಬೇಕಿತ್ತು. ಮೂರರಿಂದ ಎಂಟನೇ ತರಗತಿಯವರೆಗೆ ಪ್ರತಿ ವರ್ಷ ಪರೀಕ್ಷೆ. 2014ರ ಹೊತ್ತಿಗೆ ದೇಶದ ಪ್ರತಿ ಮಗುವೂ ಓದಿನಲ್ಲಿ, ಗಣಿತದಲ್ಲಿ ಸಮರ್ಥವಾಗಬೇಕು ಅಂತ ಗುರಿ. ಗುರಿ ಮುಟ್ಟದ ಸರ್ಕಾರಿ ಶಾಲೆಗೆ ವರ್ಷ ವರ್ಷ ದಂಡನೆ ಏರುತ್ತ ಹೋಗಿ, ಕೊನೆಗೆ ಚಾರ್ಟರ್ ಶಾಲೆಯಾಗಿ ಬೇರೆಯವರ ಕೈಗೆ ಒಪ್ಪಿಸುವ ದಾರಿಯೂ ಕಾಯ್ದೆಯಲ್ಲೇ ಇತ್ತು. ಪರೀಕ್ಷೆಯಿಂದ ಖಾಸಗೀಕರಣಕ್ಕೆ ನೇರ ಬಸ್ಸು. ನಮ್ಮಲ್ಲಿ ಮಧ್ಯೆ ನಾಲ್ಕು ಕಡೆ ಇಳಿದು ಹತ್ತಬೇಕು.

ನಾನು: ಅಟ್ಲಾಂಟಾದಲ್ಲಿ ಏನೋ ಆಯಿತಲ್ಲ?

ಪತ್ರಿಕೆ: ಅದನ್ನು ಎತ್ತಬಾರದಿತ್ತು. ಅಂಕ ಏರದಿದ್ದರೆ ಕೆಲಸಕ್ಕೆ ಕುತ್ತು ಅಂತ ಹೆದರಿ, ಮಕ್ಕಳು ತಪ್ಪು ಬರೆದದ್ದನ್ನು ರಬ್ಬರಿನಿಂದ ಅಳಿಸಿ ಸರಿ ಮಾಡಿದರು, ಟೀಚರುಗಳೇ. 2011ರ ರಾಜ್ಯ ಸರ್ಕಾರದ ತನಿಖೆಯಲ್ಲಿ 44 ಶಾಲೆಗಳು, 178 ಮಂದಿ ಸಿಕ್ಕಿಬಿದ್ದರು. ಕೆಲವರಿಗೆ 2015ರಲ್ಲಿ ಶಿಕ್ಷೆಯೂ ಆಯಿತು. ಅದೇ ವರ್ಷ ನ್ಯೂಯಾರ್ಕ್ ರಾಜ್ಯದಲ್ಲಿ ಪರೀಕ್ಷೆ ಬರೆಯಬೇಕಿದ್ದ ಮಕ್ಕಳಲ್ಲಿ ಐವರಲ್ಲಿ ಒಬ್ಬರನ್ನು ಅಪ್ಪ ಅಮ್ಮಂದಿರು ಬರೆಸಲೇ ಇಲ್ಲ. ಹಿರಿಯ ಬುಷ್ ಸರ್ಕಾರದಲ್ಲಿ ಶಿಕ್ಷಣ ಇಲಾಖೆಯಲ್ಲಿದ್ದ, ಒಮ್ಮೆ ದೊಡ್ಡಮ್ಮನನ್ನು ಬೆಂಬಲಿಸಿದ್ದ ಡಯೇನ್ ರ‍್ಯಾವಿಚ್ ಎಂಬ ಇತಿಹಾಸಕಾರ್ತಿಯೇ ತಿರುಗಿಬಿದ್ದು, ಇದು ಸಾರ್ವಜನಿಕ ಶಾಲೆಯನ್ನು ಕೊಲ್ಲುತ್ತಿದೆ ಅಂತ ಊರೂರು ಸುತ್ತಿ ಹೇಳಿದರು. 2015ರ ಕೊನೆಗೆ ಆ ಕಾಯ್ದೆ ಹೋಗಿ ಬೇರೊಂದು ಬಂತು. ದೊಡ್ಡಮ್ಮ ಹೋಗಲಿಲ್ಲ. ಸ್ವಲ್ಪ ಸೊರಗಿದ್ದಾಳೆ.

ನಾನು: ನಮ್ಮಲ್ಲಿ ಅಪ್ಪ ಅಮ್ಮಂದಿರು ಹಾಗೆ ನಿಲ್ಲುವುದಿಲ್ಲ ಏಕೆ?

ಪತ್ರಿಕೆ: ಅಲ್ಲಿ ಬೀದಿಗೆ ಬಂದವರ ಮಕ್ಕಳು ಅದೇ ಸರ್ಕಾರಿ ಶಾಲೆಯಲ್ಲಿದ್ದರು ಸ್ವಾಮಿ. ಇಲ್ಲಿ ಸುತ್ತೋಲೆ ಬರೆಯುವವರ, ಅದನ್ನು ಪ್ರಶ್ನಿಸುವವರ, ಅದರ ಮೇಲೆ ಸಂಪಾದಕೀಯ ಬರೆಯುವವರ ಮಕ್ಕಳು ಎಲ್ಲಿದ್ದಾರೆ? 2015ರಲ್ಲಿ ಅಲಹಾಬಾದ್ ಹೈಕೋರ್ಟು, ಸರ್ಕಾರಿ ಸಂಬಳ ತೆಗೆದುಕೊಳ್ಳುವವರು ಮಕ್ಕಳನ್ನು ಸರ್ಕಾರಿ ಪ್ರಾಥಮಿಕ ಶಾಲೆಗೇ ಕಳಿಸಬೇಕು ಅಂತ ಆದೇಶ ಕೊಟ್ಟಿತ್ತು. ಉತ್ತರ ಪ್ರದೇಶದ ಸಾಹೇಬರುಗಳು ಮಕ್ಕಳ ಕೈ ಹಿಡಿದು ಸಾಲು ಹಚ್ಚಿದ್ದನ್ನು ನೀವೇನಾದರೂ ನೋಡಿದಿರಾ? ಅಂದ ಹಾಗೆ, ನಿಮ್ಮ ಮಗಳು ಯಾವ ಶಾಲೆ?

ನಾನು: ಸಂದರ್ಶನ ತಮ್ಮದು.

ಪತ್ರಿಕೆ: ಉತ್ತರ ಬಿಟ್ಟಿದ್ದೀರಿ ಅಂತ ಗುರುತು ಹಾಕಿಕೊಳ್ಳುತ್ತೇನೆ. ಋಣಾಂಕ ಇಲ್ಲ, ಹೆದರಬೇಡಿ.

ನಾನು: ಏಪ್ರಿಲ್‌ನಲ್ಲಿ ತಡೆ ಬಂದ ಮೇಲೆ ಸುಮ್ಮನಾದಿರಾ?

ಪತ್ರಿಕೆ: ಸುಮ್ಮನಿರುವ ಜಾತಿ ನಮ್ಮದಲ್ಲ. ಅದೇ ವರ್ಷ ಅರ್ಧವಾರ್ಷಿಕದ ವೇಷ ಹಾಕಿ ಎಂಟು, ಒಂಬತ್ತು, ಹತ್ತನೇ ತರಗತಿಗೆ ಹೋದೆವು. ಸುಪ್ರೀಂ ಕೋರ್ಟು ಮತ್ತೆ ಗದರಿತು, ಮಕ್ಕಳಿಗೆ ಯಾಕೆ ಕಿರುಕುಳ ಕೊಡುತ್ತೀರಿ ಅಂತ. ಫಲಿತಾಂಶ ಹೇಳಬೇಡಿ ಅಂತು. ಮುಂದೆ ಯಾವ ವೇಷವೋ, ಮೇಲಿನವರನ್ನು ಕೇಳಬೇಕು.

ನಾನು: ಕೊನೆಯ ಪ್ರಶ್ನೆ. ಸರ್ಕಾರದ ಪರ ವಕೀಲರಿದ್ದರು, ಖಾಸಗಿ ಶಾಲೆಗಳ ಪರ ದೊಡ್ಡ ವಕೀಲರಿದ್ದರು. ಮೇಷ್ಟ್ರೇ ಇಲ್ಲದ ಶಾಲೆಯಲ್ಲಿ ಕೂತು ನಿಮ್ಮನ್ನು ಬರೆದ ಮಗುವಿನ ಪರ ಅಲ್ಲಿ ಯಾರಿದ್ದರು?

ಪತ್ರಿಕೆ: ನಾಲ್ಕು ಯಾವತ್ತೋ ಮುಗಿದಿದೆ. ಪೆನ್ನು ಕೆಳಗಿಡಿ. ಹೆಚ್ಚುವರಿ ಹಾಳೆ ಇದ್ದರೆ ದಾರ ಕಟ್ಟಿ, ನೋಂದಣಿ ಸಂಖ್ಯೆ ಬರೆದು, ಮಾತಾಡದೆ ಹೊರಗೆ ಹೋಗಿ.