ಚೆಪಾಕದಲ್ಲಿ ಕೆಂಪಂಗಿ

ಪರಊರಿನ ಮೈದಾನಕ್ಕೆ ನಮ್ಮ ತಂಡದ ಅಂಗಿ ತೊಟ್ಟು ಹೋಗುವವರು ಬೈಸಿಕೊಳ್ಳಲು ತಯಾರಾಗಿಯೇ ಹೋಗಿರುತ್ತಾರೆ. ರೈಲಿನಲ್ಲಿ ಕೂತು ನಾಲ್ಕು ಎದುರುತ್ತರ ಬಾಯಿಪಾಠ ಮಾಡಿಕೊಂಡಿರುತ್ತಾರೆ. ಚೆನ್ನೈನ ತೊಂದರೆ ಏನೆಂದರೆ, ಅಲ್ಲಿ ಯಾರೂ ಬೈಯುವುದಿಲ್ಲ, ಕನಿಕರ ತೋರಿಸುತ್ತಾರೆ. ಸೆಂಟ್ರಲ್ ಸ್ಟೇಷನ್ನಿನ ಹೊರಗೆ ಆಟೋ ಹತ್ತಿದರೆ ಡ್ರೈವರ್ ಕನ್ನಡಿಯಲ್ಲಿ ನನ್ನ ಕೆಂಪಂಗಿ ನೋಡಿದ, ‘ಆರ್‌ಸಿಬಿಯಾ?’ ಎಂದ, ಇಳಿಯುವಾಗ ಬಾಡಿಗೆಯಲ್ಲಿ ಇಪ್ಪತ್ತು ರೂಪಾಯಿ ಬಿಟ್ಟ. ಚೆನ್ನೈನ ಆಟೋದವನು ತಾನಾಗಿ ಬಾಡಿಗೆ ಬಿಡುತ್ತಾನೆಂದರೆ ನಮ್ಮ ಸ್ಥಿತಿ ಎಲ್ಲಿಗೆ ಬಂದಿತ್ತು ಲೆಕ್ಕ ಹಾಕಿ.

ನಾನು ಇಳಿದುಕೊಳ್ಳುವುದು ಟಿ. ನಗರದ ಸೋದರಮಾವನ ಮನೆಯಲ್ಲಿ. ಕನ್ನಡ ಸಿನಿಮಾಗಳು ಕೋಡಂಬಾಕಂ ಸ್ಟುಡಿಯೋಗಳಲ್ಲಿ ತಯಾರಾಗುತ್ತಿದ್ದ ಕಾಲದಲ್ಲಿ ಕೆಲಸ ಹುಡುಕಿಕೊಂಡು ಹೋದವರು. ಸಿನಿಮಾದವರು ಬೆಂಗಳೂರಿಗೆ ವಾಪಸ್ಸು ಬಂದರು, ಮಾವ ಬರಲಿಲ್ಲ. ಆ ಮನೆಯಲ್ಲಿ ಇವತ್ತಿಗೂ ಹುಳಿ, ಸಾರು, ಜಗಳ ಎಲ್ಲ ಕನ್ನಡದಲ್ಲೇ; ಐಪಿಎಲ್ ಮಾತ್ರ ಹಳದಿ. ನಾನು ಚೀಲ ಇಡುತ್ತಿದ್ದಂತೆ ಅತ್ತೆ ಹೇಳಿದರು: ‘ಲೋ, ಆ ಕೆಂಪಂಗೀನ ಬೇರೆ ಬಕೆಟ್ಟಿಗೆ ಹಾಕೋ. ಮಗೂ ಧೋನಿ ಅಂಗಿಗೆ ಬಣ್ಣ ಹತ್ತಿದ್ರೆ ಅದು ಊಟ ಬಿಡತ್ತೆ.’ ಮಾವ ಪೇಪರ್ ಕೆಳಗಿಳಿಸಿ, ‘ಕಾವೇರಿ ವಿಷಯದಲ್ಲಿ ನಾನು ನಿಮ್ಮ ಕಡೆಯೇ ಕಣೋ, ಧೋನಿ ವಿಷಯ ಬೇರೆ’ ಎಂದರು. ರಾಂಚಿಯವರು ಅವರಿಗೆ ‘ತಲ’, ದಿಲ್ಲಿಯವರು ನಮಗೆ ಕಿಂಗ್. ಹೊಡೆದಾಟ ಮಾತ್ರ ಬೆಂಗಳೂರು–ಚೆನ್ನೈಯವರದ್ದು.

ಕನಿಕರಕ್ಕೆ ಕಾರಣ ಇತ್ತು ಅನ್ನಿ. ಚೆಪಾಕದಲ್ಲಿ ನಾವು ಚೆನ್ನೈಯನ್ನು ಸೋಲಿಸಿದ್ದು 2008ರಲ್ಲಿ, ಮೊದಲನೇ ಐಪಿಎಲ್‌ನಲ್ಲಿ. ದ್ರಾವಿಡ್ ನಾಯಕರು, ಕುಂಬ್ಳೆ ಮೂರು ವಿಕೆಟ್ ಕಿತ್ತರು, 14 ರನ್‌ಗಳ ಗೆಲುವು. ಆಮೇಲೆ ಬರೀ ಯಾತ್ರೆ. 2011ರ ಫೈನಲ್ ಅಲ್ಲೇ ಸೋತೆವು, 58 ರನ್‌ಗಳಿಂದ. 2012ರದ್ದನ್ನು ನಾನು ಮೈದಾನದಲ್ಲೇ ಕೂತು ಅನುಭವಿಸಿದೆ. 205 ಹೊಡೆದಿದ್ದೆವು. ಕೊನೆಯ ಎರಡು ಓವರಿಗೆ ಅವರಿಗೆ 43 ಬೇಕು. ಸೀಟು ಬಿಟ್ಟು ಎದ್ದು ನಿಂತಿದ್ದೆ. ಹತ್ತೊಂಬತ್ತನೇ ಓವರ್ ಬೌಲ್ ಮಾಡಲು ಚೆಂಡು ಹಿಡಿದು ಬಂದವರು ಯಾರು ಅಂತೀರಿ? ವಿರಾಟ್ ಕೊಹ್ಲಿ! ಆಲ್ಬಿ ಮಾರ್ಕೆಲ್ ಆ ಒಂದೇ ಓವರಿನಲ್ಲಿ 28 ಬಾರಿಸಿದರು. ಪಂದ್ಯದ ಕೊನೆಯ ಚೆಂಡು ಜಡೇಜಾ ಬ್ಯಾಟಿನ ಅಂಚಿಗೆ ತಾಗಿ ಬೌಂಡರಿಗೆ ಹೋಯಿತು. ಪಕ್ಕದಲ್ಲಿದ್ದ ಅಪರಿಚಿತರೊಬ್ಬರು ಮಾತಾಡದೆ ತಮ್ಮ ನೀರಿನ ಬಾಟಲಿ ನನ್ನ ಕೈಗಿಟ್ಟರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅವರನ್ನು ದೂರುವ ಹಾಗೂ ಇಲ್ಲ. 1999ರಲ್ಲಿ ಪಾಕಿಸ್ತಾನ ಇದೇ ಮೈದಾನದಲ್ಲಿ ನಮ್ಮನ್ನು 12 ರನ್‌ಗಳಿಂದ ಸೋಲಿಸಿದಾಗ ಎದ್ದು ನಿಂತು ಚಪ್ಪಾಳೆ ತಟ್ಟಿದ ಜನ. ಅದನ್ನು ನೆನಪಿಸಲು ಪ್ರತಿ ಸಾಲಿಗೂ ಒಬ್ಬರಾದರೂ ಹಿರಿಯರು ಇರುತ್ತಾರೆ. 2025ರ ಮಾರ್ಚ್ 28ರಂದು ಅಂಥವರೇ ನನ್ನ ಪಕ್ಕಕ್ಕೆ ಬಂದು ಕೂತರು: ಹಣೆಗೆ ವಿಭೂತಿ, ಮೈಗೆ ಏಳನೇ ನಂಬರಿನ ಹಳದಿ ಅಂಗಿ, ಬೆವರು ಒರೆಸಲು ಟರ್ಕಿ ಟವೆಲ್. ನಾನು ತಪ್ಪಿಸಿಕೊಳ್ಳದಿರಲೆಂದೋ ಏನೋ, ನಿಧಾನವಾದ ತಮಿಳಿನಲ್ಲಿ ಮಾತಾಡಿದರು. ‘ದಿನೇಶ್ ಕಾರ್ತಿಕ್ ನಮ್ಮ ಊರಿನ ಹುಡುಗ, ಈಗ ನಿಮಗೆ ಬ್ಯಾಟಿಂಗ್ ಹೇಳಿಕೊಡ್ತಿದ್ದಾನಲ್ಲ, ಸ್ವಲ್ಪ ಸುಧಾರಿಸಬಹುದು’ ಎಂದು ಧೈರ್ಯ ತುಂಬಿದರು. ಫಿಲ್ ಸಾಲ್ಟ್ ಕ್ರೀಸಿನಿಂದ ಒಂದಿಷ್ಟು ಆಚೆ ಹೋದದ್ದೇ ತಡ, ಧೋನಿ ಬೇಲ್ಸ್ ಹಾರಿಸಿದರು. ಆಗ ಅವರು ನನ್ನತ್ತ ತಿರುಗಿದ್ದು, ಮೊಮ್ಮಗ ನೆಂಟರೆದುರು ಮಗ್ಗಿ ಒಪ್ಪಿಸಿದಾಗ ಅಜ್ಜ ತಿರುಗುವ ಹಾಗೆ.

ಕೊನೆಯ ಓವರಿನಲ್ಲಿ ಟಿಮ್ ಡೇವಿಡ್ ಮೂರು ಸಿಕ್ಸರ್ ಎತ್ತಿದಾಗ ಹಿರಿಯರು ಚಪ್ಪಾಳೆಯನ್ನೂ ತಟ್ಟಿದರು. ಮೂರಕ್ಕೆ ಮೂರು ಚಪ್ಪಾಳೆ, ಹೆಚ್ಚಿಲ್ಲ. 196 ಆಗಿತ್ತು. ಹೇಜಲ್‌ವುಡ್ ಶುರುವಿನಲ್ಲೇ ಚೆನ್ನೈಯವರ ಬುಡ ಅಲ್ಲಾಡಿಸಿದರು. ಸುತ್ತಲಿನ ಸೀಟಿ ಒಂದೊಂದಾಗಿ ನಿಂತಿತು. ಕಪ್ಪು ಕೈಗೆ ಬಂದದ್ದು ಆ ಜೂನ್‌ನಲ್ಲಿ. ಮಾರ್ಚಿನಲ್ಲಿ ನಮ್ಮ ಹತ್ತಿರ ಇದ್ದದ್ದು ‘ಈ ಸಲ’ ಎಂಬ ಘೋಷಣೆ ಒಂದೇ. 17 ವರ್ಷ ಗಂಟಲಲ್ಲಿ ಇಟ್ಟುಕೊಂಡಿದ್ದ ಕೂಗನ್ನು ಹೊರಗೆ ಬಿಡಲು ನಾನು ಸಿದ್ಧನಾದೆ.

ಅಷ್ಟರಲ್ಲಿ ಒಂಬತ್ತನೆಯವರಾಗಿ ಧೋನಿ ಇಳಿದರು. ಪಂದ್ಯ ಆಗಲೇ ಮುಗಿದಿತ್ತು, ಆದರೆ ಅದನ್ನು ಜನಕ್ಕೆ ಹೇಳುವವರು ಯಾರು? ಕೊನೆಯ ಓವರಿನಲ್ಲಿ ಕೃಣಾಲ್ ಪಾಂಡ್ಯಗೆ ಎರಡು ಸಿಕ್ಸರ್ ಬಿದ್ದಾಗ ಇಡೀ ಚೆಪಾಕ ಕುಣಿಯಿತು. ನಾನೂ ಕೂಗಿದೆ, ‘ಗೆದ್ವೀ’ ಎಂದು, ಗಂಟಲು ಹರಿಯುವಷ್ಟು. ಆ ಗದ್ದಲದಲ್ಲಿ ನನಗೇ ಕೇಳಿಸಲಿಲ್ಲ. ಹಿಂದಿನ ಸಾಲಿನ ಹುಡುಗ ನಾನೂ ಧೋನಿಗೇ ಕೂಗಿದೆನೆಂದುಕೊಂಡು ಬೆನ್ನು ತಟ್ಟಿದ. 50 ರನ್‌ಗಳಿಂದ ಸೋತವರು ಹಬ್ಬ ಮಾಡುತ್ತಿದ್ದರು. ಗೆದ್ದವನು ನಾನು, ಹಬ್ಬ ಯಾರದ್ದೆಂದು ಕೇಳುವಂತಿರಲಿಲ್ಲ.

ಹಿರಿಯರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದರು. ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿದರು. ‘ಚೆನ್ನಾಗಿ ಆಡಿದ್ರಿ. ಇನ್ನು ಹದಿನೇಳು ವರ್ಷಕ್ಕೆ ಮತ್ತೆ ಬನ್ನಿ. ನಾನು ಇದೇ ಸೀಟಲ್ಲಿ ಇರ್ತೀನಿ.’